ದೋಹಾಕ್ಕೆ ಹೊರಟ ತಮ್ಮನಿಗೆ, ಡೊಂಬಿವಲಿಯಿಂದ

ತಮ್ಮಾ, ನಿನ್ನ ಮೆಸೇಜ್ ಮೂರು ಸಲ ಓದಿದೆ. ಪುಣೆ ಹತ್ರದ ಚಾಕಣ್ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಾಂಟ್ರಾಕ್ಟ್ ಮೇಲೆ ಇಲೆಕ್ಟ್ರಿಷಿಯನ್ ಆಗಿದ್ದಿ, ಕತಾರ್‌ನ ದೋಹಾದಲ್ಲಿ 1500 ರಿಯಾಲ್ ಸಂಬಳದ ಕೆಲಸ ಉಂಟು ಅಂತ ಮುಂಬೈ ಏಜೆಂಟ್ ಹೇಳಿದ್ದಾನೆ, 90 ಸಾವಿರ ಕೇಳ್ತಿದ್ದಾನೆ, ಪಾಸ್‌ಪೋರ್ಟ್ ಕಂಪನಿಯವರೇ ಇಟ್ಕೊಳ್ತಾರೆ ಅದೆಲ್ಲ ನಾರ್ಮಲ್ ಅಂದಿದ್ದಾನೆ, ನಿನ್ನ ರೂಮಿನ ಒಬ್ಬ ಅದು ಗುಲಾಮಗಿರಿ ಹೋಗ್ಬೇಡ ಅಂತಾನೆ, ಇನ್ನೊಬ್ಬ ಅದೆಲ್ಲ ಯುರೋಪಿನವರ ಪ್ರಚಾರ ಆರಾಮಾಗಿ ಹೋಗು ಅಂತಾನೆ, ಯಾರ ಮಾತು ಕೇಳ್ಲಿ ಅಣ್ಣಾ ಅಂತ ಕೇಳಿದ್ದಿ. ನಾನೀಗ ರಜೆಯಲ್ಲಿ ಡೊಂಬಿವಲಿಯಲ್ಲಿ ಅಮ್ಮನ ಹತ್ರ ಇದ್ದೇನೆ, ಟೈಮ್ ಉಂಟು, ಉದ್ದಕ್ಕೆ ಬರೀತೇನೆ, ಪೂರ್ತಿ ಓದು.

ನಾನು ಅಲ್ಲಿಗೆ ಹೋದದ್ದು 2007ರಲ್ಲಿ. ಅಪ್ಪ ಕುಂದಾಪುರ ಕಡೆಯಿಂದ ಹುಡುಗನಾಗಿರುವಾಗಲೇ ಮುಂಬೈಗೆ ಬಂದು ಫೋರ್ಟ್‌ನ ಹೋಟೆಲ್ ಸೇರಿದವರು, ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ನನಗೆ ಐಟಿಐಯಲ್ಲಿ ಎಸಿ ಕೆಲಸ ಕಲಿಸಿದ್ರು. ಏಜೆಂಟ್‌ಗೆ 75 ಸಾವಿರ ಕೊಡ್ಲಿಕ್ಕೆ ಕರಿಮಣಿ ಒಂದು ಬಿಟ್ಟು ಅಮ್ಮನ ಚಿನ್ನ ಎಲ್ಲ ಅಡವಿಗೆ ಹೋಯ್ತು. ಸಾಕಿನಾಕಾದಲ್ಲಿ ಸೈನ್ ಮಾಡಿದ ಕಾಗದದಲ್ಲಿ 1200 ರಿಯಾಲ್ ಇತ್ತು, ಅಲ್ಲಿ ಇಳಿದ ಮೂರನೇ ದಿನ ಅರಬ್ಬಿಯಲ್ಲಿ ಬರೆದ ಇನ್ನೊಂದು ಕಾಗದ ಎದುರಿಟ್ಟು ಸೈನ್ ಹಾಕು ಅಂದ್ರು, ಅದರಲ್ಲಿ 800. ತಲೆ ಮೇಲೆ ಸಾಲ, ಪಾಸ್‌ಪೋರ್ಟ್ ಅವರ ಕಬಾಟಿನಲ್ಲಿ, ಆಗುದಿಲ್ಲ ಅಂತ ಹೇಳಿ ಎಲ್ಲಿಗೆ ಹೋಗುದು? ಸೈನ್ ಹಾಕಿದೆ. 2009ರಲ್ಲಿ ಅಪ್ಪ ತೀರಿಕೊಂಡ್ರು. ಆಗ ಆ ದೇಶ ಬಿಟ್ಟು ಹೊರಗೆ ಬರ್ಬೇಕಾದ್ರೆ ಕಫೀಲ್, ಅಂದ್ರೆ ನಮ್ಮ ವೀಸಾದ ಯಜಮಾನ, ಎಕ್ಸಿಟ್ ಪರ್ಮಿಟ್‌ಗೆ ಸೈನ್ ಹಾಕ್ಲೇಬೇಕಿತ್ತು, ಅವ ಊರಲ್ಲಿ ಇರ್ಲಿಲ್ಲ. ನಾಲ್ಕು ದಿನ ಕಾದೆ. ಇಲ್ಲಿ ಸ್ಮಶಾನದಲ್ಲಿ ನನ್ನ ಸ್ವಂತ ತಮ್ಮ ಕೊಳ್ಳಿ ಇಟ್ಟ, ನಾನು ಲೇಬರ್ ಕ್ಯಾಂಪಿನ ಮೆಟ್ಟಿಲ ಮೇಲೆ ಕೂತು ಫೋನಲ್ಲಿ ಕೇಳಿಸಿಕೊಂಡೆ.

ಈ ಪದ್ಧತಿಗೇ ಕಫಾಲಾ ಅನ್ನುದು. ಯಾವ ದೇಶವನ್ನಾದರೂ ಬಿಟ್ಟು ಹೋಗುವ, ತನ್ನ ದೇಶಕ್ಕೆ ವಾಪಸ್ ಬರುವ ಹಕ್ಕು ಪ್ರತಿಯೊಬ್ಬನಿಗೂ ಉಂಟು ಅಂತ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿಯಲ್ಲೇ ಬರೆದಿದ್ದಾರೆ, ನನಗೆ ಅದು ಗೊತ್ತಾದದ್ದು ಎಷ್ಟೋ ವರ್ಷ ಆದ್ಮೇಲೆ. ಅದರ ಮೊದಲನೇ ವಿಧಿಯಲ್ಲಿ ಇಂಗ್ಲಿಷಿನಲ್ಲಿ ಎಲ್ಲಾ ಗಂಡಸರೂ ಅಂತ ಅರ್ಥ ಬರುವ ಹಾಗಿದ್ದದ್ದನ್ನು ಹಿಡಿದು ಎಲ್ಲಾ ಮನುಷ್ಯರೂ ಅಂತ ಮಾಡಿಸಿದವರು ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ, ಇದೇ ಮುಂಬೈಯ ವಿಧಾನ ಪರಿಷತ್ತಿನಲ್ಲಿ ಇದ್ದವರು. ಹಾಗಾಗಿ ಮಾನವ ಹಕ್ಕು ಅಂದ್ರೆ ಬಿಳಿಯರ ವಿಷಯ ಅಂತ ಯಾರಾದ್ರೂ ಹೇಳಿದ್ರೆ ನನಗೆ ತುಂಬಾ ಬೇಜಾರಾಗ್ತದೆ.

ಈಗ ನಿನ್ನ ರೂಮಿನವರ ಮಾತಿಗೆ ಬರ್ತೇನೆ. 2010ರಲ್ಲಿ ಕತಾರ್‌ಗೆ ಫುಟ್‌ಬಾಲ್ ವರ್ಲ್ಡ್ ಕಪ್ ಸಿಕ್ಕಿತು, ಆಮೇಲೆ ಪತ್ರಿಕೆಯವರು ಕ್ಯಾಂಪುಗಳಿಗೆ ಬರ್ಲಿಕ್ಕೆ ಶುರುಮಾಡಿದ್ರು. 2014ರಲ್ಲಿ ಜಿನೀವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನದಲ್ಲಿ ಕತಾರ್ ಮೇಲೆ ಬಲವಂತದ ದುಡಿಮೆಯ ದೂರು ಬಿತ್ತು, ಅದನ್ನು ಹಾಕಿದ್ದು ಯಾವ ಸರ್ಕಾರವೂ ಅಲ್ಲ, ಬೇರೆ ಬೇರೆ ದೇಶಗಳ ಕಾರ್ಮಿಕ ಪ್ರತಿನಿಧಿಗಳು. ಕತಾರ್ ಸುಧಾರಣೆಗೆ ಒಪ್ಪಿದ ಮೇಲೆ 2017ರ ನವೆಂಬರಿನಲ್ಲಿ ಆ ದೂರು ಮುಗಿಸಿದ್ರು, 2018ರಲ್ಲಿ ಐಎಲ್‌ಒ, ಅಂದ್ರೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಆಫೀಸು ದೋಹಾದಲ್ಲೇ ಬಂತು. ಅದೇ ವರ್ಷ ಹೆಚ್ಚಿನ ಕೆಲಸಗಾರರಿಗೆ ಎಕ್ಸಿಟ್ ಪರ್ಮಿಟ್ ಹೋಯ್ತು, 2020ರ ಜನವರಿಯಲ್ಲಿ ಮನೆಕೆಲಸದವರಿಗೂ ಹೋಯ್ತು, ಅದೇ ವರ್ಷ ಕಂಪನಿ ಬದಲಾಯಿಸ್ಲಿಕ್ಕೆ ಹಳೇ ಯಜಮಾನನ ಎನ್‌ಒಸಿ ಬೇಡ ಅಂತ ಕಾನೂನು ಬಂತು, 2021ರ ಮಾರ್ಚಿಂದ ಕನಿಷ್ಠ ಸಂಬಳ 1000 ರಿಯಾಲ್, ವಸತಿ ಕೊಡದಿದ್ರೆ 500, ಊಟ ಕೊಡದಿದ್ರೆ 300 ಬೇರೆ. ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ನಾನು ನಾಲ್ಕು ದಿನ ಕಾದ ಆ ಸೈನು ಈಗ ಇಲ್ಲ ತಮ್ಮಾ, ಇದು ನಾನು ಕಣ್ಣಾರೆ ಕಂಡ ಬದಲಾವಣೆ, ಯಾರೂ ಬೊಬ್ಬೆ ಹಾಕದೆ ಇದ್ದಿದ್ರೆ ಬರ್ತಿರ್ಲಿಲ್ಲ.

ಹಾಗಂತ ಎಲ್ಲ ಸರಿಯಾಯ್ತು ಅಂತ ಹೇಳುದಿಲ್ಲ. ಕತಾರ್ 2018ರಲ್ಲಿ ವಿಶ್ವಸಂಸ್ಥೆಯ ಎರಡು ದೊಡ್ಡ ಮಾನವ ಹಕ್ಕು ಒಪ್ಪಂದಗಳಿಗೆ ಸೇರಿತು, ಆದ್ರೆ ಯೂನಿಯನ್ ವಿಷಯಕ್ಕೆ ಬಂದಾಗ ನಮ್ಮ ದೇಶದ ಕಾನೂನಿನ ಪ್ರಕಾರವೇ ಅರ್ಥ ಮಾಡ್ಕೊಳ್ತೇವೆ ಅಂತ ಬರೆಸಿಯೇ ಸೇರಿತು, ನಮ್ಮಂಥ ಹೊರಗಿನವರಿಗೆ ಅಲ್ಲಿ ಯೂನಿಯನ್ ಕಟ್ಟುವ ಹಕ್ಕಿಲ್ಲ. ಅದಕ್ಕಿಂತ ದೊಡ್ಡದು ಸಾವಿನ ಪ್ರಶ್ನೆ. ಗಟ್ಟಿಮುಟ್ಟಾದ ಹುಡುಗರು ರಾತ್ರಿ ಮಲಗಿದವರು ಬೆಳಿಗ್ಗೆ ಏಳುದಿಲ್ಲ, ಕಾಗದದಲ್ಲಿ ಸ್ವಾಭಾವಿಕ ಸಾವು ಅಂತ ಬರೀತಾರೆ, ಹಾಗೆ ಬರೆದ ಮೇಲೆ ಅದು ಕೆಲಸದಿಂದಾದ ಸಾವಲ್ಲ, ಮನೆಯವರಿಗೆ ಪರಿಹಾರವೂ ಇಲ್ಲ. ಎಷ್ಟು ಜನ ಸತ್ರು ಅನ್ನುವ ಲೆಕ್ಕದಲ್ಲೇ ಇವತ್ತಿಗೂ ಜಗಳ ಉಂಟು, ಯಾಕಂದ್ರೆ ಯಾಕೆ ಸತ್ತ ಅಂತ ಸರಿಯಾಗಿ ಪರೀಕ್ಷೆಯೇ ಮಾಡದಿದ್ರೆ ಲೆಕ್ಕ ಎಲ್ಲಿಂದ ಬರ್ಬೇಕು? 2022ರಲ್ಲಿ ಆಮ್ನೆಸ್ಟಿ ಮತ್ತೆ ಬೇರೆ ಮಾನವ ಹಕ್ಕು ಸಂಘಟನೆಗಳು ವರ್ಲ್ಡ್ ಕಪ್ ನಡೆಸುವ ಫಿಫಾ ಕನಿಷ್ಠ 440 ಮಿಲಿಯನ್ ಡಾಲರ್ ಪರಿಹಾರ ನಿಧಿ ಇಡ್ಬೇಕು ಅಂತ ಕೇಳಿದ್ವು, ಅದು ಆ ವರ್ಲ್ಡ್ ಕಪ್‌ನ ಬಹುಮಾನದ ಮೊತ್ತಕ್ಕೆ ಸಮ. ಫಿಫಾ 2024ರಲ್ಲಿ 50 ಮಿಲಿಯನ್ ಡಾಲರ್ ನಿಧಿ ಘೋಷಿಸಿತು, ಆದ್ರೆ ಸತ್ತವರ ಮನೆಗೆ ನೇರ ಪರಿಹಾರ ಅದರಲ್ಲಿ ಇರ್ಲಿಲ್ಲ. ಆಮೇಲೆ ಡಿಸೆಂಬರಿನಲ್ಲಿ 2034ರ ಕಪ್ ಸೌದಿಗೆ ಕೊಟ್ರು, ಹಾಗಾಗಿ ಇದೇ ಚರ್ಚೆ ಈಗ ಅಲ್ಲಿಗೆ ಹೋಗಿದೆ. 2022ರ ಫೈನಲ್ ಆಡಿದ್ದು ಡಿಸೆಂಬರ್ 18ಕ್ಕೆ, ಅದು ಕತಾರ್‌ನ ರಾಷ್ಟ್ರೀಯ ದಿನ, ಅದೇ ದಿನ ಅಂತಾರಾಷ್ಟ್ರೀಯ ವಲಸಿಗರ ದಿನ ಕೂಡ. ಊರಿಡೀ ಪಟಾಕಿ, ನಾನು ಅಂಗಳದಲ್ಲಿ ನಿಂತು ನನ್ನ ಹಳೇ ಕ್ಯಾಂಪಿನ ಹುಡುಗರನ್ನು ನೆನಪು ಮಾಡ್ಕೊಂಡೆ.

ಆ ದಿನವನ್ನು ವಲಸಿಗರ ದಿನ ಮಾಡಿದ್ದು ಯಾಕೆ ಗೊತ್ತುಂಟಾ? 1990ರ ಡಿಸೆಂಬರ್ 18ಕ್ಕೆ ವಿಶ್ವಸಂಸ್ಥೆ ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬದವರ ಹಕ್ಕುಗಳ ಒಪ್ಪಂದ ಪಾಸು ಮಾಡಿತು. ಪಾಸ್‌ಪೋರ್ಟ್ ಕಸಿಯಬಾರದು, ಒಂದೇ ಕೆಲಸಕ್ಕೆ ಆ ದೇಶದವರಿಗಿಂತ ಕಡಿಮೆ ಸಂಬಳ ಕೊಡಬಾರದು, ನಿನ್ನ ನನ್ನಂಥವರಿಗೆ ಬೇಕಾದ್ದೆಲ್ಲ ಅದರಲ್ಲಿ ಉಂಟು. ಫಿಲಿಪೀನ್ಸ್, ಶ್ರೀಲಂಕಾ, ಬಾಂಗ್ಲಾದೇಶ ಸೇರಿದ್ದಾವೆ. ಕತಾರ್ ಸೇರಿಲ್ಲ, ಸೌದಿ ಸೇರಿಲ್ಲ, ಗಲ್ಫ್‌ನ ಒಂದು ದೇಶವೂ ಇಲ್ಲ. ಗಲ್ಫಿಗೆ ಬುದ್ಧಿ ಹೇಳುವ ಜರ್ಮನಿ, ಬ್ರಿಟನ್, ಅಮೆರಿಕವೂ ಇಲ್ಲ, ನಿನ್ನ ಎರಡನೇ ರೂಮ್‌ಮೇಟ್ ಹೇಳುದರಲ್ಲಿ ಇಷ್ಟು ಸತ್ಯ ಉಂಟು, ಅದನ್ನು ನಾನು ಒಪ್ತೇನೆ. ಆದ್ರೆ ಭಾರತವೂ ಸೇರಿಲ್ಲ. ಕತಾರ್ ಒಂದರಲ್ಲೇ ನಾವು ಸುಮಾರು 8 ಲಕ್ಷ ಜನ ಇದ್ದೇವೆ, ನಮ್ಮ ದುಡ್ಡಲ್ಲಿ ಊರಲ್ಲಿ ಎಷ್ಟು ಮನೆ ಎದ್ದಿದೆ, ಹಾಗಿರುವಾಗ ನಮ್ಮ ಸರ್ಕಾರವೇ ಸೈನ್ ಹಾಕದ್ದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ವಿಷಯ. ನೀವೇ ಸೇರದ ಒಪ್ಪಂದಕ್ಕೆ ನಮ್ಮನ್ನು ಯಾಕೆ ಕರೀತೀರಿ ಅಂತ ಅವರು ಕೇಳಿದ್ರೆ ಉತ್ತರ ಎಂತ?

ಅದಕ್ಕೇ ಹೇಳುದು, ನಿನ್ನ ರಕ್ಷಣೆ ದೋಹಾದಲ್ಲಿ ಶುರುವಾಗುದಲ್ಲ, ವಿಮಾನ ಹತ್ತುವ ಮೊದಲು ಮುಂಬೈಯಲ್ಲೇ ಶುರುವಾಗ್ಬೇಕು. ಏಜೆಂಟ್ ಕೇಳಿದ 90 ಸಾವಿರ ಕಾನೂನುಬಾಹಿರ. ನಮ್ಮ 1983ರ ಎಮಿಗ್ರೇಶನ್ ಕಾಯ್ದೆಯ ನಿಯಮದಲ್ಲಿ ಅವ ತೆಗೊಳ್ಳಬಹುದಾದ್ದು ಹೆಚ್ಚೆಂದ್ರೆ 30 ಸಾವಿರ, ಅದಕ್ಕೆ ಜಿಎಸ್‌ಟಿ, ರಶೀದಿ ಕೊಟ್ಟು. ಐಎಲ್‌ಒ ಅಂತೂ ಕೆಲಸಗಾರನಿಂದ ಒಂದು ರೂಪಾಯಿಯೂ ತೆಗೊಳ್ಳಬಾರದು, ಖರ್ಚೆಲ್ಲ ಕಂಪನಿಯದ್ದು ಅಂತ ಹೇಳ್ತದೆ. ಸರ್ಕಾರದ ಇಮೈಗ್ರೇಟ್ ವೆಬ್‌ಸೈಟಿನಲ್ಲಿ ಅವನ ಲೈಸೆನ್ಸ್ ನಂಬರ್ ಹಾಕಿ ನೋಡು, ಇಲ್ಲದಿದ್ರೆ ಅಲ್ಲಿಗೇ ಬಿಡು. ನೀನು ಹತ್ತನೇ ಪಾಸಾದ್ದರಿಂದ ನಿನ್ನ ಪಾಸ್‌ಪೋರ್ಟ್ ಇಸಿಎನ್‌ಆರ್, ಅಂದ್ರೆ ಹೊರಗೆ ಹೋಗ್ಲಿಕ್ಕೆ ಸರ್ಕಾರದ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಡ, ಅದನ್ನು ಸವಲತ್ತು ಅಂದ್ಕೊಳ್ಬೇಡ, ಹತ್ತನೇ ಪಾಸಾದವ ತನ್ನನ್ನು ತಾನೇ ನೋಡ್ಕೊಳ್ತಾನೆ ಅಂತ ಸರ್ಕಾರ ಕೈಬಿಟ್ಟ ಹಾಗೆ ಅದು. ಪ್ರವಾಸಿ ಭಾರತೀಯ ಬಿಮಾ ಯೋಜನೆ ಅನ್ನುವ ವಿಮೆ ಕೇಳಿ ಮಾಡಿಸ್ಕೋ, ಕೆಲವೇ ನೂರು ರೂಪಾಯಿಗೆ ಅಪಘಾತದಲ್ಲಿ ಸತ್ರೆ 10 ಲಕ್ಷ, ಕೆಟ್ಟ ಮಾತು ಆಡ್ತಿದ್ದೇನೆ ಅಂತ ತಿಳ್ಕೊಳ್ಬೇಡ.

ಈಗ ಮುಂಬೈಯಲ್ಲೇ ಕತಾರ್ ವೀಸಾ ಸೆಂಟರ್ ಉಂಟು, ಮೆಡಿಕಲ್ ಮತ್ತೆ ಕಾಂಟ್ರಾಕ್ಟ್ ಸೈನ್ ಎರಡೂ ಅಲ್ಲೇ. ನನ್ನ ಕಾಲದ ಆ ಎರಡನೇ ಕಾಗದದ ಮೋಸ ನಿಲ್ಲಿಸ್ಲಿಕ್ಕೆ ಇದು ಒಳ್ಳೆ ದಾರಿ, ಆದ್ರೆ ಓದದೆ ಬೆರಳು ಒತ್ತಿದ್ರೆ ಪ್ರಯೋಜನ ಇಲ್ಲ. ಸಂಬಳ, ಊಟ, ರೂಮು, ಕೆಲಸದ ಹೆಸರು ನಾಲ್ಕನ್ನೂ ಏಜೆಂಟ್ ಹೇಳಿದ್ದಕ್ಕೆ ಹೋಲಿಸಿ ನೋಡು, ಕಾಪಿ ಕೇಳಿ ತೆಗೊ, ನಿನ್ನ ಮನೆಯಲ್ಲಿ ಅಣ್ಣನಿಗೋ ಅಪ್ಪನಿಗೋ ಫೋಟೋ ಕಳಿಸಿಡು.

ಪಾಸ್‌ಪೋರ್ಟ್ ವಿಷಯ. ಅದು ಭಾರತ ಸರ್ಕಾರದ ಆಸ್ತಿ, ಕಂಪನಿಯದ್ದಲ್ಲ. ಕತಾರ್‌ನ 2015ರ ಕಾನೂನಿನಲ್ಲೂ ರೆಸಿಡೆನ್ಸಿ ಪರ್ಮಿಟ್ ಮಾಡಿಸುವ ಕೆಲಸ ಮುಗಿದ ಮೇಲೆ ವಾಪಸ್ ಕೊಡ್ಲೇಬೇಕು, ಇಟ್ಕೊಂಡ್ರೆ 25,000 ರಿಯಾಲ್ ತನಕ ದಂಡ. ಒಂದು ಸಂದು ಉಂಟು, ಕೆಲಸಗಾರನೇ ಬರವಣಿಗೆಯಲ್ಲಿ ಇಟ್ಕೊಳ್ಳಿ ಅಂತ ಕೊಟ್ರೆ ಇಟ್ಕೊಳ್ಬಹುದು. ಅದಕ್ಕೇ ಮೊದಲ ವಾರ ಒಂದು ಫಾರ್ಮ್ ಮುಂದಿಡ್ತಾರೆ. ಅದಕ್ಕೆ ಸೈನ್ ಹಾಕ್ಬೇಡ, ಎಷ್ಟೇ ಪ್ರೀತಿಯಿಂದ ಕೇಳಿದ್ರೂ.

ಪೊಲೀಸ್ ಕೇಸ್ ಅಂತ ಆದ್ರೆ ಎಂಬಸಿಗೆ ತಿಳಿಸಿ ಅನ್ನುದೊಂದೇ ಮಾತು ಹೇಳ್ತಿರು. ಬೇರೆ ದೇಶದಲ್ಲಿ ಸಿಕ್ಕಿಬಿದ್ದವನಿಗೆ ತನ್ನ ಎಂಬಸಿಯ ಸಂಪರ್ಕ ಕೊಡ್ಬೇಕು ಅನ್ನುವ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಅದು. ಪಾಕಿಸ್ತಾನ ಗೂಢಚಾರ ಅಂತ ಹಿಡಿದಿಟ್ಟ ನಮ್ಮ ಪವಯಿಯ ಕುಲಭೂಷಣ್ ಜಾಧವ್ ಕೇಸಲ್ಲಿ 2019ರ ಜುಲೈ 17ಕ್ಕೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 15ಕ್ಕೆ 1 ಮತದಿಂದ ಪಾಕಿಸ್ತಾನ ಈ ವಿಧಿ ಮುರಿದಿದೆ ಅಂತ ಹೇಳಿತು. ಅಷ್ಟು ದೊಡ್ಡ ಕೇಸಿಗೆ ಇದ್ದ ಹಕ್ಕೇ ಕ್ಯಾಂಪಿನ ಸಣ್ಣ ಜಗಳದಲ್ಲಿ ಸಿಕ್ಕಿಬಿದ್ದ ಹುಡುಗನಿಗೂ ಉಂಟು, ಅವನಿಗೆ ಗೊತ್ತಿರುದಿಲ್ಲ ಅಷ್ಟೆ. ಸಂಬಳ ನಿಂತ್ರೆ ಎಂಬಸಿ ಕೆಳಗಿನ, ಭಾರತೀಯರಿಗೆ ಸಹಾಯ ಮಾಡುವ ಸಂಸ್ಥೆ ಐಸಿಬಿಎಫ್‌ಗೆ ಹೋಗು, ನಮ್ಮ ಕರ್ನಾಟಕ ಸಂಘದವರೂ ಅಲ್ಲಿದ್ದಾರೆ.

ನಾನು ಅಲ್ಲೇ ಯಾಕೆ ಉಳಿದೆ ಅಂತ ಕೇಳಿದ್ದಿಯಲ್ಲ. ಕಂಪನಿ ಬದಲಾಯಿತು, ಸುಪರ್‌ವೈಸರ್ ಆದೆ, ಹೆಂಡ್ತಿ ಮಕ್ಕಳು ಬಂದ್ರು, ಅಮ್ಮನ ಚಿನ್ನ ಬಿಡಿಸಿ ಕೊಟ್ಟೆ, ತಂಗಿ ಮದುವೆ ಆಯ್ತು. ದುಡಿಮೆಗೆ ಬೆಲೆ ಸಿಗುವ ಊರು ಅದು, ನನಗೆ ಸಿಕ್ಕಿದೆ. ಹಾಗಾಗಿ ಹೋಗ್ಬೇಡ ಅಂತ ನಾನು ಹೇಳುದಿಲ್ಲ.

ಈ ತಿಂಗಳ 24ರ ತನಕ ಡೊಂಬಿವಲಿಯಲ್ಲೇ ಇರ್ತೇನೆ. ಭಾನುವಾರ ಬೆಳಿಗ್ಗೆ ಚಿಂಚವಾಡದಲ್ಲಿ ಸಿಂಹಗಡ್ ಎಕ್ಸ್‌ಪ್ರೆಸ್ ಹತ್ತಿ ಕಲ್ಯಾಣದಲ್ಲಿ ಇಳಿ, ಅಲ್ಲಿಂದ ಲೋಕಲ್‌ನಲ್ಲಿ ಹತ್ತು ನಿಮಿಷ. ಏಜೆಂಟ್ ಕೊಟ್ಟ ಕಾಗದ ಎಲ್ಲ ತಾ, ಇಬ್ಬರೂ ಕೂತು ಓದುವ, ಊಟ ಇಲ್ಲೇ. ಅಷ್ಟರ ತನಕ ಅವನಿಗೆ ದುಡ್ಡೂ ಕೊಡ್ಬೇಡ, ಪಾಸ್‌ಪೋರ್ಟೂ ಕೊಡ್ಬೇಡ.