ಮೊಬೈಲ್ ಬಳಕೆ ತಗ್ಗಿಸಿದರೆ ಮನಸ್ಸಿಗೆ ಏನಾಗುತ್ತದೆ?

ಮೊಬೈಲ್ ನೋಡುವುದನ್ನು ಕಡಿಮೆ ಮಾಡಿದರೆ ಮನಸ್ಸಿಗೆ ನಿಜವಾಗಿಯೂ ಒಳ್ಳೆಯದಾಗುತ್ತದೆಯೇ ಅಥವಾ ಅದು ಬರಿಯ ನಂಬಿಕೆಯೇ ಎಂದು ಕೇಳಿದ್ದೀರಿ. ಒಳ್ಳೆಯದಾಗುತ್ತದೆ ಎನ್ನಲು ಪ್ರಯೋಗಗಳ ಆಧಾರವಿದೆ. ಆದರೆ ಎಷ್ಟು ಒಳ್ಳೆಯದಾಗುತ್ತದೆ ಎಂಬುದು, ಹಾಗೆ ಉಳಿದ ಹೊತ್ತನ್ನು ನಾವು ಯಾವುದಕ್ಕೆ ಕೊಡುತ್ತೇವೆ ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 143 ವಿದ್ಯಾರ್ಥಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ 10 ನಿಮಿಷಕ್ಕೆ ಇಳಿಸಿದವರಲ್ಲಿ ಮೂರು ವಾರಗಳ ಬಳಿಕ ಒಂಟಿತನ ಮತ್ತು ಖಿನ್ನತೆಯ ಲಕ್ಷಣಗಳು ತಗ್ಗಿದ್ದವು. ಎಂದಿನಂತೆ ಬಳಸಿದವರಲ್ಲೂ ಆತಂಕ ಸ್ವಲ್ಪ ಇಳಿದಿತ್ತು; ತಮ್ಮ ಬಳಕೆಯ ಮೇಲೆ ತಾವೇ ಕಣ್ಣಿಟ್ಟದ್ದರಿಂದ ಹಾಗಾಗಿರಬಹುದು ಎಂದು ಸಂಶೋಧಕರು ಊಹಿಸಿದರು. 2025ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 467 ಮಂದಿಯ ಫೋನಿನ ಇಂಟರ್‌ನೆಟ್ಟನ್ನು ಎರಡು ವಾರ ತಡೆಯಲಾಯಿತು, ಕರೆ ಮತ್ತು ಎಸ್‌ಎಂಎಸ್‌ಗೆ ಅಡ್ಡಿಯಿರಲಿಲ್ಲ. ಹಲವರಿಗೆ ನಿಯಮವನ್ನು ಪೂರ್ತಿ ಪಾಲಿಸಲಾಗದಿದ್ದರೂ, ಏಕಾಗ್ರತೆ, ಮಾನಸಿಕ ಆರೋಗ್ಯ, ನೆಮ್ಮದಿ ಈ ಮೂರರಲ್ಲಿ ಒಂದಾದರೂ ಶೇ. 91ರಷ್ಟು ಜನರಲ್ಲಿ ಸುಧಾರಿಸಿತು. ಅವರು ಆ ಅವಧಿಯಲ್ಲಿ ಜನರೊಡನೆ ಮುಖಾಮುಖಿಯಾಗಿ ಬೆರೆಯುವುದಕ್ಕೆ, ವ್ಯಾಯಾಮಕ್ಕೆ, ಹಸಿರಿನ ನಡುವೆ ಓಡಾಡುವುದಕ್ಕೆ ಹೆಚ್ಚು ಹೊತ್ತು ಕೊಟ್ಟಿದ್ದರು. ನನಗೆ ಇಡೀ ಅಧ್ಯಯನದ ತಿರುಳು ಇಲ್ಲಿಯೇ ಇದೆ ಎನ್ನಿಸುತ್ತದೆ.

ಬೆಂಗಳೂರಿನಲ್ಲಿ ಫೋನಿನ ಇಂಟರ್‌ನೆಟ್ಟನ್ನೇ ನಿಲ್ಲಿಸಿ ಬದುಕುವುದು ಕಷ್ಟ. ಎಳನೀರಿನವರಿಗೆ ಹಣ ಕೊಡುವುದಕ್ಕೂ, ಆಟೋ ಕರೆಯುವುದಕ್ಕೂ ಅದು ಬೇಕು. ಆದ್ದರಿಂದ ನಾನು ರೀಲ್ಸ್ ಮತ್ತು ಸುದ್ದಿಯ ಆ್ಯಪ್‌ಗಳನ್ನು ಮಾತ್ರ ತೆಗೆದುಹಾಕಿದೆ. ಜಯನಗರದಿಂದ ಮೆಜೆಸ್ಟಿಕ್‌ಗೆ ಮೆಟ್ರೋದಲ್ಲಿ ಹೋಗುವಾಗ ಮೊದಮೊದಲು ಚಡಪಡಿಕೆ ಬಹಳವಿತ್ತು, ಕಾರಣವಿಲ್ಲದೆಯೇ ಕೈ ಫೋನಿನತ್ತ ಹೋಗುತ್ತಿತ್ತು. ಅಭ್ಯಾಸವೊಂದು ಬಿಡುವಾಗ ಇದು ಸಹಜ. ಇದನ್ನೇ ಕಂಡು ‘ನನಗೆ ಇದು ಒಗ್ಗುವುದಿಲ್ಲ’ ಎಂದು ದಯವಿಟ್ಟು ನಿರ್ಧರಿಸಬೇಡಿ. ಈಗ ಆ ದಾರಿಯಲ್ಲಿ ಪುಸ್ತಕದ ಒಂದು ಅಧ್ಯಾಯವನ್ನು ತಡೆಯಿಲ್ಲದೆ ಓದಬಲ್ಲೆ. ಸಂಜೆ ಲಾಲ್‌ಬಾಗಿನಲ್ಲಿ ಅಮ್ಮನೊಡನೆ ನಡೆಯುವಾಗ ಅವರ ಮಾತು ನನ್ನ ಕಿವಿಗೆ ಪೂರ್ತಿಯಾಗಿ ಬೀಳುತ್ತದೆ.

ನಷ್ಟವೇ ಇಲ್ಲವೆಂದಲ್ಲ. 2018ರ ಅಮೆರಿಕದ ಚುನಾವಣೆಗೆ ಮುನ್ನ ನಾಲ್ಕು ವಾರ ಫೇಸ್‌ಬುಕ್ ಬಿಟ್ಟವರಲ್ಲಿ ನೆಮ್ಮದಿ ತುಸು ಹೆಚ್ಚಿತಾದರೂ ಪ್ರಚಲಿತ ಸುದ್ದಿಗಳ ಅರಿವು ಕುಗ್ಗಿತ್ತು. ಅದಕ್ಕಾಗಿಯೇ ನಾನು ಬೆಳಗಿನ ಪತ್ರಿಕೆಯನ್ನು ಮತ್ತೆ ತರಿಸುತ್ತಿದ್ದೇನೆ. ದೂರದೂರಿನ ಗೆಳೆಯರ ಜೊತೆಗಿನ ಕರೆಗಳನ್ನೂ ನಾನು ಕಡಿತಗೊಳಿಸಿಲ್ಲ. ಒಂಟಿಯಾಗಿರುವವರಿಗೆ ಅಂಥ ಬಳಕೆಯೇ ಆಸರೆ.

ನಿದ್ರೆ, ಓದು ಅಥವಾ ಕೆಲಸ ಕೆಡುವಷ್ಟು ಬಳಕೆ ಕೈಮೀರಿದ್ದರೆ ಒಬ್ಬರೇ ಹೆಣಗಬೇಡಿ. ಇದಕ್ಕೆಂದೇ ನಮ್ಮ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ ಆರಂಭಿಸಿದೆ. ಮಕ್ಕಳ ಬಗ್ಗೆ ಚಿಂತೆಯಿರುವ ತಂದೆತಾಯಿಯರೂ ಅಲ್ಲಿ ಸಲಹೆ ಪಡೆಯಬಹುದು.