ಬಾನೆಟ್ ಎತ್ತುವ ಮೊದಲು ಮ್ಯಾಟ್ ಎತ್ತಿ

ಆಟಿ ತಿಂಗಳ ಪತ್ರಗಳೆಂದರೆ ಅರ್ಧಕ್ಕರ್ಧ ತುಕ್ಕಿನ ದೂರುಗಳೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕಾಸರಗೋಡಿನಲ್ಲಿ ಬೇರೇನು ತಾನೇ ಬಂದೀತು? ಬದಿಯಡ್ಕದಲ್ಲಿ ಮೂವತ್ತೊಂದು ವರ್ಷ ಗ್ಯಾರೇಜು ನಡೆಸಿ ಈಗ ಅದರ ಕೀಲಿಕೈಯನ್ನು ಮಗನಿಗೆ ಕೊಟ್ಟಿದ್ದೇನೆ. ಕೈಯ ಗ್ರೀಸ್ ಹೋಗಿದೆ, ಮಾತು ಹೋಗಿಲ್ಲ. ಈ ಸಲ ಮೊದಲ ಪತ್ರಕ್ಕೇ ಜಾಗ ಹೆಚ್ಚು ಹೋಯಿತು, ಉಳಿದವರು ಬೇಸರಿಸಬೇಡಿ.

ಪ್ರಶ್ನೆ: ನನ್ನದು 2009ರ ಓಮ್ನಿ. ಡ್ರೈವರ್ ಸೀಟಿನ ಹಿಂದಿನ ತಳ ಮೂರು ವರ್ಷದಲ್ಲಿ ಎರಡು ಸಲ ತೂತು ಬಿತ್ತು. ಎರಡು ಸಲವೂ ತಗಡಿನ ಪ್ಯಾಚ್ ಹಾಕಿಸಿ, ಅಡಿಯಿಂದ ರಬ್ಬರ್ ಕೋಟಿಂಗ್ ಮಾಡಿಸಿದೆ. ನೆರೆಮನೆಯವರ ಓಮ್ನಿ ನನ್ನದಕ್ಕಿಂತ ಹಳತು, ಅದಕ್ಕೆ ಏನೂ ಆಗಿಲ್ಲ. ಈ ಸಲ ಸೀಟು ಕಳಚಿ ನಾನೇ ಕೆಲಸ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
– ಅಡಿಕೆ ಕೃಷಿಕ, ಪೆರ್ಲ

ಉತ್ತರ: ಪತ್ರ ಓದುವಾಗಲೇ ಒಂದು ಅನುಮಾನ ಬಂತು. ಫೋನ್ ಮಾಡಿ ಕೇಳಿದೆ: ಅಡಿಕೆಗೆ ಮದ್ದು ಬಿಡುವ ಸಾಮಾನು ತರುವುದು ಯಾವುದರಲ್ಲಿ? ‘ಇದರಲ್ಲೇ ಮಾರಾಯ್ರೆ, ಮತ್ತೆ ತಲೆಯಲ್ಲಿ ಹೊತ್ತು ತರ್ಲಿಕ್ಕುಂಟಾ’ ಎಂದಿರಿ. ಹಿಂದಿನ ಸೀಟು ತೆಗೆದು ಮೈಲುತುತ್ತಿನ ಚೀಲ, ಸುಣ್ಣ, ಪಂಪು, ಪೈಪು. ಮಳೆ ಬಿಟ್ಟ ದಿನ ಈ ತೋಟದಿಂದ ಆ ತೋಟಕ್ಕೆ ಅರ್ಧ ಉಳಿದ ಡ್ರಮ್ಮೂ ಸಹ. ನೆರೆಮನೆಯವರದ್ದು ಶಾಲಾ ಮಕ್ಕಳನ್ನು ಬಿಡುವ ಓಮ್ನಿ. ಕಳ್ಳ ಅಲ್ಲೇ ಸಿಕ್ಕಿದ.

ಮೈಲುತುತ್ತು, ಸುಣ್ಣ ಕಲಸಿದ ಮದ್ದಿನ ದ್ರಾವಣ ಹದಕ್ಕೆ ಬಂತೇ ಎಂದು ನೋಡಲು ನೀವು ಉಜ್ಜಿದ ಕತ್ತಿಯನ್ನು ಅದಕ್ಕೆ ಅದ್ದಿ ತೆಗೆಯುತ್ತೀರಲ್ಲ? ಅಲಗು ಕೆಂಪಗಾದರೆ ಸುಣ್ಣ ಸಾಲದು ಎಂದು ಲೆಕ್ಕ. ಆ ಕೆಂಪು ತುಕ್ಕಲ್ಲ, ತಾಮ್ರ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟು. ನೀರಿನಲ್ಲಿ ಕರಗಿ ಕಬ್ಬಿಣವನ್ನು ಮುಟ್ಟಿದರೆ ಕಬ್ಬಿಣ ಕರಗಿ ಹೋಗುತ್ತದೆ, ಅದರ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ. ಕೂತ ತಾಮ್ರ ಸುಮ್ಮನಿರುವುದೂ ಇಲ್ಲ. ಒದ್ದೆಯಾದಾಗಲೆಲ್ಲ ಪಕ್ಕದ ಕಬ್ಬಿಣವನ್ನು ಇನ್ನಷ್ಟು ಬೇಗ ತಿನ್ನಿಸುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸರಿಯಾಗಿ ಬೆರೆತ ದ್ರಾವಣ ಅಷ್ಟು ಪೆಟ್ಟು ಕೊಡುವುದಿಲ್ಲ. ಚೀಲದ ಹೊಲಿಗೆಯಿಂದ ಉದುರಿ ಮ್ಯಾಟಿನ ಅಡಿ ಸೇರಿದ ನೀಲಿ ಹರಳುಗಳೇ ನಿಜವಾದ ಯಮ. ಅದಕ್ಕೆ ನಿಮ್ಮ ಕಾಲಿನ ಒದ್ದೆ ಸಾಕು.

ಅಂದ ಮೇಲೆ ತಳ ತಿಂದದ್ದು ಮೇಲಿನಿಂದ. ಕೋಟಿಂಗ್ ಮಾಡಿಸಿದ್ದು ಕೆಳಗಿನಿಂದ. ಮಳೆಗೆ ಕೊಡೆಯನ್ನು ಕಾಲಿಗೆ ಹಿಡಿದ ಹಾಗಾಯಿತು.

ನಗಬೇಡಿ, ನನ್ನದೂ ಒಂದು ಕತೆ ಇದೆ. 1994ರಲ್ಲಿ ಸೆಕೆಂಡ್ ಹ್ಯಾಂಡ್ ಪದ್ಮಿನಿ ಕಾರು ಕೊಂಡಾಗ, ಪತ್ತನಾಜೆಗೆ ಮೊದಲು, ಎಂದರೆ ಮಳೆಗಾಲ ಹಿಡಿಯುವ ಮುಂಚೆ, ಅಡಿಗೆ ಡಾಂಬರು ಬಳಿಯುವುದೇ ಜಾಣತನ ಎಂದುಕೊಂಡಿದ್ದೆ. ತುಕ್ಕು ಕೆರೆಯಲಿಲ್ಲ, ಒಣಗಿಸಲಿಲ್ಲ. ಡಾಂಬರಿಗೆ ಹಳೇ ಇಂಜಿನ್ ಆಯಿಲ್ ಕಲಸಿ ಕರ್ರಗೆ ಹೊಡೆದೆ. ನೋಡಲು ಏನು ಚಂದ! ಒಳಗಿದ್ದ ಒದ್ದೆ ಹೊರಗೆ ಬರಲಾರದೆ ಎರಡು ಮಳೆಗಾಲ ಅಲ್ಲೇ ಕೂತು ಉಂಡಿತು. ಒಂದು ದಿನ ಟಯರ್ ಬದಲಿಸಲು ಜಾಕ್ ಇಟ್ಟು ತಿರುಗಿಸಿದೆ. ಜಾಕ್ ಮೇಲೆ ಹೋಯಿತು, ಕಾರು ಹೋಗಲಿಲ್ಲ. ಹಳೇ ಆಯಿಲ್ ಬಳಿಯುವ ಅಭ್ಯಾಸ ನಮ್ಮಲ್ಲಿ ಈಗಲೂ ಇದೆ. ಅದು ರಬ್ಬರ್ ಬುಷ್‌ಗಳನ್ನು ಮೆತ್ತಗೆ ಮಾಡಿ ಹಾಳುಗೆಡವುತ್ತದೆ ಎಂಬುದನ್ನೂ ಆ ಪದ್ಮಿನಿಯೇ ಕಲಿಸಿತು.

ಈಗ ನಿಮ್ಮ ಕೆಲಸ. ದೊಡ್ಡ ಕೆಲಸಕ್ಕೆ ಈಗ ಕೈ ಹಾಕಬೇಡಿ. ದೀಪಾವಳಿ ಕಳೆದು ಬಿಸಿಲು ಗಟ್ಟಿಯಾಗಲಿ. ಇವತ್ತು ಮಾಡಬೇಕಾದದ್ದು ಮ್ಯಾಟ್ ಎತ್ತುವುದು, ತಳದ ರಬ್ಬರ್ ಬಿರಡೆಗಳನ್ನು ಕೀಳುವುದು, ಹರಳುಗಳನ್ನು ಒಣಗಿದ್ದಾಗಲೇ ಗುಡಿಸಿ ತೆಗೆಯುವುದು. ಆಮೇಲೆ ಧಾರಾಳ ನೀರು, ಕೊನೆಗೆ ಬಕೆಟಿಗೆ ಒಂದು ಹಿಡಿ ಅಡುಗೆ ಸೋಡಾ ಹಾಕಿದ ನೀರು, ಮತ್ತೆ ಬರೀ ನೀರು. ಮ್ಯಾಟನ್ನು ಮಳೆಗಾಲ ಮುಗಿಯುವ ತನಕ ವಾಪಸು ಹಾಸಬೇಡಿ. ಬರೀ ತಗಡಿನ ಮೇಲೆ ಕಾಲಿಟ್ಟರೆ ಮರ್ಯಾದೆಗೇನೂ ಕೊರತೆಯಿಲ್ಲ.

ಬಿಸಿಲು ಬಂದ ಮೇಲೆ ಸೀಟು ಕಳಚಿ ಹಳೇ ಸ್ಕ್ರೂಡ್ರೈವರಿನಿಂದ ಇಂಚಿಂಚು ಕುಟ್ಟುತ್ತಾ ಹೋಗಿ. ‘ಟಣ್’ ಎಂದರೆ ಒಳ್ಳೆ ತಗಡು. ‘ಟಪ್’ ಎಂದರೆ ಸತ್ತದ್ದು. ಸೀಮೆಸುಣ್ಣದಿಂದ ಗೆರೆ ಹಾಕಿ. ಪ್ಯಾಚ್ ಆ ಗೆರೆಯ ಆಚೆ ಒಳ್ಳೆ ತಗಡಿನ ಮೇಲೆ ಕೂರಬೇಕು. ನಿಮ್ಮ ಹಿಂದಿನ ಪ್ಯಾಚ್‌ಗಳು ಸತ್ತ ತಗಡಿನ ಅಂಚಿಗೇ ಬೆಸುಗೆ ಆಗಿದ್ದವು ಎಂದು ನೀವು ಕಳಿಸಿದ ಫೋಟೋದಲ್ಲೇ ಕಾಣುತ್ತದೆ. ವೆಲ್ಡಿಂಗ್ ಮಾತ್ರ ಟಿಂಕರ್ ಕೆಲಸದವರಿಗೆ ಬಿಡಿ: ತಳದಡಿ ಪೆಟ್ರೋಲ್ ಪೈಪು ಹಾದುಹೋಗುತ್ತದೆ, ಟ್ಯಾಂಕೂ ದೂರವಿಲ್ಲ. ಅವರು ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದ್ದಾರೋ ಎಂದು ನೋಡುವುದು ನಿಮ್ಮ ಕೆಲಸ. ಉಳಿದ ಜಾಗವನ್ನು ತಂತಿ ಬ್ರಷ್ಷಿನಿಂದ ಬೆಳ್ಳಗೆ ಹೊಳೆಯುವ ತನಕ ಉಜ್ಜಿ. ಕೆಂಪು ಮಿಂಚು ಕಂಡಲ್ಲಿ ನಿಲ್ಲಿಸಬೇಡಿ, ಅದು ತಾಮ್ರ, ಪೂರ್ತಿ ಹೋಗಬೇಕು. ಅದೇ ದಿನ ಎಪಾಕ್ಸಿ ಪ್ರೈಮರ್ ಎರಡು ಕೈ, ಜೋಡಣೆಗಳಿಗೆ ಸೀಲೆಂಟ್, ಮೇಲೆ ಪೇಂಟ್. ಬರೀ ರೆಡ್ ಆಕ್ಸೈಡ್ ಹೊಡೆದು ತಿಂಗಳುಗಟ್ಟಲೆ ಬಿಡುವವರಿದ್ದಾರೆ. ಅದು ನೀರು ಕುಡಿಯುತ್ತದೆ.

ಮುಂದೆ ಮೈಲುತುತ್ತು ತರುವಾಗ ಅಂಚು ಎತ್ತರವಿರುವ ಪ್ಲಾಸ್ಟಿಕ್ ಟಬ್ಬಿನಲ್ಲಿ ಚೀಲ ಇಡಿ. ಎರಡು ಪ್ಯಾಚಿನ ಖರ್ಚಿನೆದುರು ಅದರ ಬೆಲೆ ಏನೂ ಅಲ್ಲ.

ಪ್ರಶ್ನೆ: ಅಪ್ಪನ ಹಳೇ ಕಾರಿನ ಹೆಡ್‌ಲೈಟ್ ತುಂಬಾ ಮಂದ. ರಾತ್ರಿ ಮಳೆಯಲ್ಲಿ ಹೊಸಂಗಡಿಯಿಂದ ಒಳಗಿನ ರಸ್ತೆಗೆ ತಿರುಗಿದರೆ ಏನೂ ಕಾಣುವುದಿಲ್ಲ. 100 ವ್ಯಾಟ್ ಬಲ್ಬ್ ಹಾಕಲೋ, ಎಲ್‌ಇಡಿ ಹಾಕಲೋ?
– ಕಾಲೇಜು ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಎರಡೂ ಬೇಡ ತಮ್ಮ. ಮೊದಲು ಅಪ್ಪನ ಹತ್ತಿರ ದುಡ್ಡು ಕೇಳಿ ಮಲ್ಟಿಮೀಟರ್ ಕೊಳ್ಳು. ಇಂಜಿನ್ ಓಡುತ್ತಾ ಲೈಟ್ ಉರಿಯುವಾಗ ಬ್ಯಾಟರಿಯ ಮೇಲೆ ಎಷ್ಟು ವೋಲ್ಟ್, ಬಲ್ಬಿನ ಹಿಂದೆ ಎಷ್ಟು ವೋಲ್ಟ್ ಎಂದು ಅಳೆ. ಅಲ್ಲಿ 13.5, ಇಲ್ಲಿ 12 ಎಂದು ಬಂದರೆ ಕಳ್ಳ ವೈರಿಂಗಿನಲ್ಲಿದ್ದಾನೆ. ಹ್ಯಾಲೊಜೆನ್ ಬಲ್ಬಿಗೆ ಶೇ. 10ರಷ್ಟು ವೋಲ್ಟೇಜ್ ಕಡಿಮೆಯಾದರೆ ಬೆಳಕು ಶೇ. 30ರಷ್ಟು ಇಳಿಯುತ್ತದೆ. ಹಳೇ ಕಾರುಗಳಲ್ಲಿ ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ಸುತ್ತಿ ಬರುತ್ತದೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ದಪ್ಪ ವೈರು ಎಳೆದು, ನಡುವೆ ರಿಲೇ ಕೂರಿಸು; ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬಿಡುವ ಡಬ್ಬಿ ಅದು. ಅರ್ತ್ ಬೋಲ್ಟು ಬಿಚ್ಚಿ ಎಮರಿ ಪೇಪರಿನಿಂದ ಉಜ್ಜು. ಕಂಪನಿ ಕೊಟ್ಟ 60/55 ವ್ಯಾಟಿನ ಬಲ್ಬೇ ಹೊಸದರಂತೆ ಉರಿಯುತ್ತದೆ. ಲೆನ್ಸ್ ಹಳದಿಗಟ್ಟಿದ್ದರೆ 1000, ಆಮೇಲೆ 2000 ನಂಬರಿನ ವಾಟರ್ ಪೇಪರು ನೀರು ಹಾಕಿ ಉಜ್ಜಿ ಪಾಲಿಶ್ ಮಾಡು. ಮೇಲೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಯದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿನವನ ಕಣ್ಣಿಗೆ ಹೋಗುತ್ತದೆ, ರಸ್ತೆಗಲ್ಲ. ಮಳೆಯಲ್ಲಂತೂ ಬಿಳಿ ಪರದೆ ಇಳಿಬಿಟ್ಟ ಹಾಗೆ. ಕಾನೂನಿನ ಮಾತೂ ಇರಲಿ: ಕಂಪನಿಯ ಮೂಲ ವಿವರ ಬದಲಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ನಮ್ಮ ಕೇರಳದಿಂದಲೇ ಹೋದ ಕೇಸು. ಈಗಿನ ಕಾನೂನಿನಲ್ಲಿ ಒಂದೊಂದು ಮಾರ್ಪಾಡಿಗೂ ಐದೈದು ಸಾವಿರ ರೂಪಾಯಿ ದಂಡ ಬೀಳಬಹುದು. ಆ ದುಡ್ಡಿಗೆ ರಿಲೇಯನ್ನು ಚಿನ್ನದ ಡಬ್ಬಿಯಲ್ಲೇ ಇಡಬಹುದು.

ಪ್ರಶ್ನೆ: ಅಡಿಕೆ ರಾಶಿಯ ಪಕ್ಕ ಶೆಡ್ಡಿನಲ್ಲಿ ಕಾರು ನಿಲ್ಲಿಸುತ್ತೇವೆ. ಇಲಿ ಮೂರನೇ ಸಲ ವೈರು ಕತ್ತರಿಸಿತು. ಹೊಗೆಸೊಪ್ಪು ಕಟ್ಟಿದರೆ ಬರುವುದಿಲ್ಲವಂತೆ, ನಿಜವೇ?
– ಶಾಲಾ ಶಿಕ್ಷಕಿ, ನೀರ್ಚಾಲು

ಉತ್ತರ: ಟೀಚರೇ, ಪಳ್ಳಿಕ್ಕರೆ ಕಡೆಯ ಹೊಗೆಸೊಪ್ಪು ತಂದು ಕಟ್ಟಿ ನೋಡಿದವನು ನಾನು. ಘಾಟು ಇರುವ ತನಕ ಇಲಿ ದೂರ. ಇಂಜಿನ್ ಬಿಸಿಗೆ ಹದಿನೈದು ದಿನದಲ್ಲಿ ಘಾಟು ಹೋದ ಮೇಲೆ ಅದರ ಮೇಲೆಯೇ ಮಲಗಿತ್ತು. ರಾತ್ರಿ ಬಾನೆಟ್ ಎತ್ತಿ ಇಟ್ಟು ಒಂದು ಬಲ್ಬ್ ಉರಿಸುವುದು ಇದಕ್ಕಿಂತ ಮೇಲು. ಇಲಿಗೆ ಬೇಕಾದದ್ದು ಕತ್ತಲೆ, ಬೆಚ್ಚಗಿನ ಮೂಲೆ. ಕಾರನ್ನೋ ರಾಶಿಯನ್ನೋ ಹತ್ತಡಿ ದೂರ ಮಾಡಿದರೆ ಎಲ್ಲಕ್ಕಿಂತ ಮೇಲು. ಎಸಿ ಗಾಳಿ ಎಳೆಯುವ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲಿ ಕಟ್ಟಿಸಿ. ಕಾರಿನೊಳಗೆ ವಿಷ ಮಾತ್ರ ಇಡಬೇಡಿ. ಒಮ್ಮೆ ನನ್ನ ಗಿರಾಕಿಯೊಬ್ಬರ ಕಾರಿನ ಬ್ಲೋವರಿನೊಳಗೆ ಹೋಗಿ ಸತ್ತಿತ್ತು. ಕುಂಬಳೆಯಿಂದ ಬದಿಯಡ್ಕಕ್ಕೆ ನಾಲ್ಕೂ ಗ್ಲಾಸು ಇಳಿಸಿ, ಮೂಗಿಗೆ ಬೈರಾಸು ಕಟ್ಟಿ ತಂದೆ.

ಪ್ರಶ್ನೆ: ಗಲ್ಫಿನಿಂದ ಬಂದ ಭಾವ ಗ್ಲಾಸಿಗೆ ಕಪ್ಪು ಫಿಲ್ಮ್ ಹಾಕಿಸು ಎನ್ನುತ್ತಾರೆ. ಹಾಕಬಹುದೇ?
– ಓದುಗ, ಉಪ್ಪಳ

ಉತ್ತರ: 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ಬೇಡವೆಂದಿತು. 2021ರಲ್ಲಿ ಕೇಂದ್ರದ ನಿಯಮ ತಿದ್ದುಪಡಿಯಾಯಿತು. ಅದರ ಆಧಾರದಲ್ಲಿ 2024ರಲ್ಲಿ ಕೇರಳ ಹೈಕೋರ್ಟ್ ಮಿತಿಯೊಳಗಿನ ಫಿಲ್ಮ್ ಹಾಕಬಹುದೆಂದಿತು. ಮಿತಿ ಎಂದರೆ ಎದುರು, ಹಿಂದಿನ ಗ್ಲಾಸಿನಲ್ಲಿ ಕನಿಷ್ಠ ಶೇ. 70, ಬದಿಯಲ್ಲಿ ಶೇ. 50 ಬೆಳಕು ದಾಟಬೇಕು. ಭಾವ ಹೇಳುವ ಕಪ್ಪು ಇದರಲ್ಲಿ ಬರುವುದಿಲ್ಲ. ಬಿಲ್ಲು ಕಾರಿನಲ್ಲೇ ಇರಲಿ. ತಲಪಾಡಿ ದಾಟಿದ ಮೇಲೆ ಕೇರಳದ ತೀರ್ಪಿನ ಕತೆ ಹೇಳಿ ಪೊಲೀಸರೊಡನೆ ವಾದಕ್ಕಿಳಿಯುವುದು ಭಾವನಿಗೆ ಬಿಟ್ಟದ್ದು.

ಪ್ರಶ್ನೆ: ಮಂಗಳೂರಿನಲ್ಲಿ ಹಳೇ ಕಾರು ನೋಡಿದ್ದೇನೆ. ಏನು ಪರೀಕ್ಷಿಸಲಿ?
– ಓದುಗ, ಮುಳ್ಳೇರಿಯ

ಉತ್ತರ: ಎಲ್ಲರೂ ಬಾನೆಟ್ ಎತ್ತುತ್ತಾರೆ. ನೀವು ಮ್ಯಾಟ್ ಎತ್ತಿ, ಸ್ಟೆಪ್ನಿ ಎತ್ತಿ ಅದರ ಗುಂಡಿಗೆ ಕೈ ಹಾಕಿ. ಒದ್ದೆ, ಕೆಸರಿನ ಗೆರೆ ಇದ್ದರೆ ಚಹಾ ಕುಡಿದು ವಾಪಸು ಬನ್ನಿ. ಟಯರಿನ ಬದಿಯ ನಾಲ್ಕಂಕಿ ನೋಡಿ: 3418 ಎಂದರೆ 2018ರ 34ನೇ ವಾರ ತಯಾರಾದದ್ದು. ಕೊಂಡರೆ ಕರ್ನಾಟಕದ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು ಕೊಡಿ.

ಪ್ರಶ್ನೆ: ಎಲ್ಲರಿಗೂ ಹೇಳುತ್ತೀರಿ, ನಿಮ್ಮ ಸ್ವಂತ ಕಾರು ಯಾವುದು? ಅದು ಹೇಗಿದೆ?
– ಹಳೇ ಗಿರಾಕಿ, ಸೀತಾಂಗೋಳಿ

ಉತ್ತರ: 1998ರ ಮಾರುತಿ 800. ಆ ಕಾರು 2014ರಲ್ಲೇ ನಿಂತಿತಾದರೂ ಅದರ 796 ಸಿಸಿಯ ಇಂಜಿನ್ ಓಮ್ನಿಯಲ್ಲಿ 2019ರ ತನಕ ಬಂತು. ಹಾಗಾಗಿ ಬಿಡಿಭಾಗಕ್ಕೆ ಇನ್ನೂ ತೊಂದರೆಯಿಲ್ಲ. ತೊಂದರೆ ನೀರಿನದ್ದು. ಎಡಗಡೆ ಕಾಲಿಡುವಲ್ಲಿ ನೀರು ನಿಲ್ಲುತ್ತಿತ್ತು. ಎದುರು ಗ್ಲಾಸಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಹಾಳಾಗಿದೆ ಎಂದು ತೀರ್ಮಾನಿಸಿ ಎರಡು ಸಲ ಬದಲಿಸಿದೆ. ಕಳೆದ ಭಾನುವಾರ ಮೊಮ್ಮಗಳ ಕೈಗೆ ಹೋಸ್ ಕೊಟ್ಟು, ನಾನು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿ ಮಲಗಿದೆ. ಬೀಡಿಂಗಿನಿಂದ ಒಂದು ಹನಿಯೂ ಇಲ್ಲ. ವೈಪರಿನ ಅಡಿಯ ಕಿಂಡಿಯಲ್ಲಿ ಮಾವಿನೆಲೆ ಕೊಳೆತು ನೀರು ಹೋಗುವ ದಾರಿ ಮುಚ್ಚಿತ್ತು. ತುಂಬಿ ಒಳಗೆ ಉಕ್ಕುತ್ತಿತ್ತು. ಎರಡು ಮುಷ್ಟಿ ಗೊಬ್ಬರ ಸಿಕ್ಕಿತು, ಮೊಮ್ಮಗಳು ಅದನ್ನು ತನ್ನ ಗುಲಾಬಿ ಚಟ್ಟಿಗೆ ಹಾಕಿದಳು. ಮ್ಯಾಟ್ ಈಗ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಹಪ್ಪಳದ ಪಕ್ಕ ಒಣಗುತ್ತಿದೆ. ಹೆಂಡತಿ ಶನಿವಾರದ ತನಕ ಗಡುವು ಕೊಟ್ಟಿದ್ದಾಳೆ.