ಹಿಸ್ಪಾನಿಕ್ ಮಹಿಳೆಯರು ಪ್ಯಾಪ್ ಟೆಸ್ಟ್‌ಗೆ ಬರೋ ಹಾಗೆ ಮಾಡೋದು ಹೇಗೆ?

ಟೆಕ್ಸಾಸ್‌ನಲ್ಲಿ ಪಬ್ಲಿಕ್ ಹೆಲ್ತ್ ಓದುತ್ತಿದ್ದೀರಿ, ಸ್ಪ್ಯಾನಿಷ್ ಆಡುವ ಹಿಸ್ಪಾನಿಕ್ ಜನ, ಅದರಲ್ಲೂ ಮೆಕ್ಸಿಕನ್ ಮೂಲದವರಿರೋ ಬಡಾವಣೆಯಲ್ಲಿ ಪ್ರಾಜೆಕ್ಟ್ ಸಿಕ್ಕಿದೆ, ಎಷ್ಟು ಕರಪತ್ರ ಹಂಚಿದರೂ ಪ್ಯಾಪ್ ಟೆಸ್ಟ್‌ಗೆ, ಅಂದ್ರೆ ಗರ್ಭಕಂಠದಿಂದ ಕೋಶಗಳ ಮಾದರಿ ತೆಗೆದು ಮಾಡೋ ಕ್ಯಾನ್ಸರ್ ತಪಾಸಣೆಗೆ, ಯಾರೂ ಬರುತ್ತಿಲ್ಲ ಅಂತ ಬರೆದಿದ್ದೀರಿ. ನಾನು ಹ್ಯೂಸ್ಟನ್‌ನ ಸಮುದಾಯ ಕ್ಲಿನಿಕ್ ಒಂದರಲ್ಲಿ ನರ್ಸ್. ಕರಪತ್ರ ಬದಿಗಿಟ್ಟು ಮೊದಲು ಒಬ್ಬ ಪ್ರೊಮೊತೊರಾಳನ್ನು ಹುಡುಕಿ.

ನಮ್ಮ ಕಡೆ ಆಶಾ ಕಾರ್ಯಕರ್ತೆ ಇದ್ದ ಹಾಗೆ ಇಲ್ಲಿ ಪ್ರೊಮೊತೊರಾ. ಅದೇ ಬೀದಿಯವಳು, ಸ್ಪ್ಯಾನಿಷ್ ಆಡುವವಳು, ತರಬೇತಿ ಪಡೆದವಳು. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ ನೆರವಿನ 'ಅಮಿಗಾಸ್' ಕಾರ್ಯಕ್ರಮ ನಿಂತಿರೋದೇ ಇವರ ಮೇಲೆ. ಎಲ್ ಪಾಸೊ, ಹ್ಯೂಸ್ಟನ್ ಮತ್ತು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ ಅದನ್ನು ಪರೀಕ್ಷಿಸಿದಾಗ, ಪ್ರೊಮೊತೊರಾ ವಿಡಿಯೊ, ಚಿತ್ರಪಟ ಹಿಡಿದು ಕೂತು ಮಾತಾಡಿಸಿದ ಹೆಂಗಸರಲ್ಲಿ ಟೆಸ್ಟ್ ಮಾಡಿಸಿಕೊಂಡವರ ಪ್ರಮಾಣ, ಇವ್ಯಾವುದೂ ಸಿಗದ ಹೆಂಗಸರಲ್ಲಿದ್ದದ್ದರ ಸುಮಾರು ಎರಡರಷ್ಟಿತ್ತು.

ಮನೆಗಳಲ್ಲಿ ಸೇರಿದಾಗ ನಾವು ಮಾದರಿ ತೆಗೆಯೋ ಸಣ್ಣ ಬ್ರಷ್ಷನ್ನೂ ಒಳಪರೀಕ್ಷೆಗೆ ಯೋನಿ ಅಗಲಿಸಿ ಹಿಡಿಯೋ ಪ್ಲಾಸ್ಟಿಕ್ ಸ್ಪೆಕ್ಯುಲಮ್ಮನ್ನೂ ಕೈಗೇ ಕೊಡ್ತೀವಿ. ಬ್ರಷ್ಷಿನ ಎಳೆ ಎಷ್ಟು ಮೆತ್ತಗಿದೆ ಅಂತ ಬೆರಳಲ್ಲಿ ಸವರಿ ನೋಡಿದ ಮೇಲೇ ನಿಜವಾದ ಪ್ರಶ್ನೆಗಳು ಬರೋದು. ಟೆಸ್ಟ್ ಮಾಡೋದು ಗಂಡಸಾ? ದುಡ್ಡೆಷ್ಟು? ವಲಸೆಯ ಕಾಗದಪತ್ರ ಕೇಳ್ತಾರಾ? ಇವಕ್ಕೆ ಖಚಿತ ಉತ್ತರ ಮೊದಲೇ ತಿಳ್ಕೊಂಡು ಹೋಗಿ. 1991ರಿಂದ ನಡೀತಿರೋ ಅಮೆರಿಕ ಕೇಂದ್ರ ಸರ್ಕಾರದ ಸ್ತನ ಮತ್ತು ಗರ್ಭಕಂಠ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮದಲ್ಲಿ ವಿಮೆಯಿಲ್ಲದ, ಕಡಿಮೆ ಆದಾಯದ ಮಹಿಳೆಯರಿಗೆ ಉಚಿತವಾಗಿ ಇಲ್ಲವೇ ಕಡಿಮೆ ಖರ್ಚಿನಲ್ಲಿ ತಪಾಸಣೆ ಆಗುತ್ತೆ. ನಿಮ್ಮ ಬಡಾವಣೆಗೆ ಹತ್ತಿರ ಅದು ಎಲ್ಲಿದೆ, ಸಂಜೆ ಅಥವಾ ಶನಿವಾರ ತೆರೆದಿರುತ್ತಾ ನೋಡಿ. ದಿನಗೂಲಿಯವರಿಗೆ ಒಂದು ಬೆಳಗ್ಗೆ ರಜೆ ಅಂದ್ರೆ ಆ ದಿನದ ಸಂಬಳ ಹೋಯ್ತು.

ಎಲ್ಲಕ್ಕಿಂತ ನಾಜೂಕಾದ್ದು ಎಚ್‌ಪಿವಿ, ಅಂದ್ರೆ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗೋ ವೈರಸ್‌ನ ವಿಷಯ. ಲೈಂಗಿಕ ಸಂಪರ್ಕದಿಂದ ಬರೋ ವೈರಸ್ ಅಂತಷ್ಟೇ ಹೇಳಿ ನಿಲ್ಲಿಸಿದರೆ, ಪಾಸಿಟಿವ್ ಬಂದವಳು ಗಂಡನ ಮೇಲೆ ಅನುಮಾನ ಪಡ್ತಾಳೆ, ಇಲ್ಲವೇ ಗಂಡ ಅವಳ ಮೇಲೆ ಪಡ್ತಾನೆ. ಈ ವೈರಸ್ ತೀರಾ ಸಾಮಾನ್ಯ, ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ಈಗ ಪತ್ತೆಯಾಯ್ತು ಅಂದ್ರೆ ಈಗ ಅಂಟಿದ್ದು ಅಂತಲ್ಲ, ಹೆಚ್ಚಿನವರಲ್ಲಿ ತಾನಾಗೇ ಹೋಗುತ್ತೆ. ಇಷ್ಟನ್ನೂ ಒಂದೇ ಉಸಿರಲ್ಲಿ ಹೇಳಲೇಬೇಕು. ಇಲ್ಲಿ ಎಡವೋ ಆರೋಗ್ಯ ಶಿಕ್ಷಣ ಒಳ್ಳೇದಕ್ಕಿಂತ ಕೆಟ್ಟದ್ದೇ ಹೆಚ್ಚು ಮಾಡುತ್ತೆ.

ಒಳಪರೀಕ್ಷೆ ಬೇಡವೇ ಬೇಡ ಅನ್ನೋರಿಗೆ ಇನ್ನೊಂದು ದಾರಿಯಿದೆ. 2024ರಿಂದ ಕ್ಲಿನಿಕ್‌ನಲ್ಲೇ ಮಹಿಳೆ ತಾನೇ ಯೋನಿಯಿಂದ ಮಾದರಿ ತೆಗೆದು ಎಚ್‌ಪಿವಿ ಟೆಸ್ಟ್‌ಗೆ ಕೊಡಲು ಎಫ್‌ಡಿಎ (ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ) ಅನುಮತಿ ಇದೆ.

ಕೊನೆಯದಾಗಿ, ವರದಿ ಅಸಹಜ ಬಂದವರ ಕೈ ಬಿಡಬೇಡಿ. ಸ್ಪ್ಯಾನಿಷ್‌ನಲ್ಲಿ ಫೋನ್ ಮಾಡೋದು ಯಾರು, ಕಾಲ್ಪೊಸ್ಕೊಪಿ (ಗರ್ಭಕಂಠವನ್ನು ದೊಡ್ಡದಾಗಿಸಿ ನೋಡೋ ಪರೀಕ್ಷೆ) ಎಲ್ಲಿ, ಖರ್ಚು ಯಾರದು ಅನ್ನೋದು ಮೊದಲ ಸಭೆಗೆ ಮುಂಚೆಯೇ ತೀರ್ಮಾನವಾಗಿರಲಿ. ನಿಮ್ಮ ಪ್ರಾಜೆಕ್ಟ್ ಗೈಡ್ ಹತ್ತಿರ ಇದನ್ನೇ ಮೊದಲು ಕೇಳಿ.